ಕೋವಿಡ್ ಹೋಗಿ ಐದು ವಾರಕ್ಕೆ ಬಂದ ಜ್ವರ

ಮೊನ್ನೆ ರಾತ್ರಿ ಹತ್ತೂವರೆಗೆ ಗೆಳತಿ ಫೋನ್ ಮಾಡಿದಳು. ಮೂರು ವರ್ಷದ ಮಗನಿಗೆ ಐದು ದಿನದಿಂದ ಜ್ವರ. ಕಣ್ಣು ಕೆಂಪು, ತುಟಿ ಒಡೆದಿದೆ, ಮೈಮೇಲೆ ಗಂಧೆ ಎದ್ದಿದೆ. "ವೈರಲ್ ಅಂತಾರೆ ಕಣೇ, ಇನ್ನೆರಡು ದಿನ ನೋಡೋಣ ಅಂದರು" ಅಂದಳು. ನನ್ನ ಕೈ ನಡುಗಿತು. ಬೆಳಿಗ್ಗೆವರೆಗೂ ಕಾಯಬೇಡ, ಮಕ್ಕಳ ಡಾಕ್ಟರ್ ಇರುವ ದೊಡ್ಡ ಆಸ್ಪತ್ರೆಗೆ ಹೋಗು, ಇದು ಕವಾಸಾಕಿ ಇರಬಹುದಾ ಅಂತ ಬಾಯಿಬಿಟ್ಟು ಕೇಳು ಅಂದೆ. ಚಿಕ್ಕ ಮಕ್ಕಳ ರಕ್ತನಾಳಗಳಿಗೆ ಉರಿಯೂತ ತರುವ ಕಾಯಿಲೆ ಅದು. ನಾನು ಯಾಕೆ ಅಷ್ಟು ಹೆದರಿದೆ ಅಂತ ಹೇಳಬೇಕಾದರೆ 2021ರ ಮೇ ತಿಂಗಳಿಗೆ ಹೋಗಬೇಕು.

ಎರಡನೇ ಅಲೆ. ತುಮಕೂರಿನ ನಮ್ಮ ಮನೆಗೂ ಬಂತು. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ನಾನು ಹಾಲಿನ ಲೆಕ್ಕ, ಸಿಲಿಂಡರ್ ಹಾಕಿದ ದಿನ ಎಲ್ಲ ಗುರುತು ಮಾಡುತ್ತೇನೆ. ಆ ತಿಂಗಳು 4ನೇ ತಾರೀಖಿನಲ್ಲಿ "ಇವರಿಗೆ ಪಾಸಿಟಿವ್", 7ರಲ್ಲಿ "ನನಗೆ", 9ರಲ್ಲಿ "ಪುಟ್ಟಿ ನೆಗಡಿ" ಅಂತ ಬರೆದಿದ್ದೆ. ಅವಳಿಗೆ ಎಂಟು ವರ್ಷ. ಒಂದೇ ದಿನ ಮೂಗು ಸೋರಿತು, ಟೆಸ್ಟ್ ಕೂಡ ಮಾಡಿಸಲಿಲ್ಲ. ಮಕ್ಕಳಿಗೆ ಏನೂ ಆಗಲ್ಲ ಅಂತ ಎಲ್ಲರೂ ಹೇಳುತ್ತಿದ್ದರು ಅಲ್ವಾ.

ಜೂನ್ 11ಕ್ಕೆ ಜ್ವರ ಬಂತು, 103. ಮಾರನೇ ದಿನ ಹೊಟ್ಟೆನೋವು, ವಾಂತಿ. ಹತ್ತಿರದ ಕ್ಲಿನಿಕ್‌ನಲ್ಲಿ ಟೈಫಾಯ್ಡ್ ಇರಬೇಕು ಅಂತ ಆಂಟಿಬಯಾಟಿಕ್ ಕೊಟ್ಟರು. ಮೂರನೇ ದಿನ ಹೊಟ್ಟೆ ಮುಟ್ಟಲೂ ಬಿಡಲಿಲ್ಲ. ಅಪೆಂಡಿಕ್ಸ್ ಅಂತ ಸ್ಕ್ಯಾನ್ ಮಾಡಿದರು, ಅದಲ್ಲ. ಪ್ಲೇಟ್‌ಲೆಟ್ ಕಡಿಮೆ ಬಂತು, ಮಳೆಗಾಲ ಬೇರೆ, ಡೆಂಗಿ ಅಂದರು, ಅದೂ ನೆಗೆಟಿವ್. ಯಾರನ್ನೂ ದೂರುತ್ತಿಲ್ಲ. ಅವಳಿಗಿದ್ದ ಕಾಯಿಲೆ ನಿಜವಾಗಿಯೂ ಟೈಫಾಯ್ಡ್, ಡೆಂಗಿ, ಸ್ಕ್ರಬ್ ಟೈಫಸ್ ಎಲ್ಲದರ ಹಾಗೇ ಕಾಣುತ್ತದೆ, ಅವೆಲ್ಲ ಅಲ್ಲ ಅಂತ ನೋಡಿಕೊಂಡೇ ಮುಂದೆ ಹೋಗಬೇಕು. ಆದರೆ ನಾಲ್ಕು ದಿನದಲ್ಲಿ ಒಬ್ಬರೂ ಆ ಒಂದು ಪ್ರಶ್ನೆ ಕೇಳಲಿಲ್ಲ. ನಾವೂ ನಾವಾಗಿ ಹೇಳಲಿಲ್ಲ.

ನಾಲ್ಕನೇ ದಿನ ಸಂಜೆ ಅವಳ ಪಾದ ಮುಟ್ಟಿದೆ. ಹಣೆ ಸುಡುತ್ತಿತ್ತು, ಪಾದ ಮಾತ್ರ ತಣ್ಣಗಿತ್ತು. ಕಣ್ಣು ಕೆಂಪಗಿತ್ತು, ಆದರೆ ಪಿಚ್ಚು ಇರಲಿಲ್ಲ. ನೀರು ಕೊಟ್ಟರೆ ಕುಡಿಯದೆ ನನ್ನನ್ನೇ ನೋಡುತ್ತಾ ಮಲಗಿದ್ದಳು. ಆ ರಾತ್ರಿಯೇ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರ್ ಬಿಪಿ ನೋಡಿದರು, ಉಗುರು ಒತ್ತಿ ಬಿಟ್ಟು ರಕ್ತ ಎಷ್ಟು ಬೇಗ ವಾಪಸ್ ಬರುತ್ತದೆ ಅಂತ ನೋಡಿದರು. ಆಮೇಲೆ ಕೇಳಿದರು, "ಮನೆಯಲ್ಲಿ ಯಾರಿಗಾದರೂ ಕೋವಿಡ್ ಬಂದಿತ್ತಾ ಅಮ್ಮಾ? ಯಾವಾಗ?"

ನನ್ನ ತಲೆ ಓಡಲಿಲ್ಲ. ಅತ್ತೆಗೆ ಫೋನ್ ಮಾಡಿದೆ. ಅವರು ಕನ್ನಡಕ ಹುಡುಕಿ, ಕ್ಯಾಲೆಂಡರಿನ ಮೇ ಹಾಳೆ ತಿರುವಿ, "ಒಂಬತ್ತಕ್ಕೆ ಪುಟ್ಟಿ ನೆಗಡಿ ಅಂತ ಬರೆದಿದ್ದೀಯಮ್ಮ" ಅಂದರು. ಡಾಕ್ಟರ್ ಬೆರಳಲ್ಲಿ ವಾರ ಎಣಿಸಿದರು. ಐದು.

ಎಂಐಎಸ್-ಸಿ ಅನ್ನುತ್ತಾರೆ ಇದಕ್ಕೆ, ಕೋವಿಡ್ ಆದ ಮೇಲೆ ಮಕ್ಕಳ ಹಲವು ಅಂಗಗಳಿಗೆ ಒಟ್ಟಿಗೆ ಬರುವ ಉರಿಯೂತ. ಲಕ್ಷಣಗಳು ಬಹಳಷ್ಟು ಕವಾಸಾಕಿಯ ಹಾಗೇ. 2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಡಾಕ್ಟರುಗಳು ಮೊದಲು ಎಚ್ಚರಿಕೆ ಕೊಟ್ಟರು, ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲಕ್ಷಣಗಳ ಪಟ್ಟಿ ಮಾಡಿತು. ಸೋಂಕು ಬಂದು ಸಾಮಾನ್ಯವಾಗಿ 2ರಿಂದ 6 ವಾರಕ್ಕೆ ಶುರುವಾಗುತ್ತದೆ. ವೈರಸ್ ಆಗಲೇ ಹೋಗಿರುತ್ತದೆ, ಅದಕ್ಕೇ ಪುಟ್ಟಿಯ ಆರ್‌ಟಿ-ಪಿಸಿಆರ್ ನೆಗೆಟಿವ್ ಬಂತು, ಸೋಂಕು ಬಂದು ಹೋಗಿದ್ದನ್ನು ತೋರಿಸುವ ಆಂಟಿಬಾಡಿ ಟೆಸ್ಟ್ ಮಾತ್ರ ಪಾಸಿಟಿವ್. ವೈರಸ್ ಜೊತೆ ಹೊಡೆದಾಡಬೇಕಿದ್ದ ಮೈಯ ರಕ್ಷಣೆ ಹತೋಟಿ ತಪ್ಪಿ ತನ್ನದೇ ಅಂಗಗಳಿಗೆ ಉರಿಯೂತ ತರುತ್ತದೆ. "ಒಲೆ ಆರಿಸಿಯಾಗಿದೆ, ಹಾಲು ಇನ್ನೂ ಉಕ್ಕುತ್ತಿದೆ" ಅಂತ ಡಾಕ್ಟರ್ ಹೇಳಿದ್ದು ಇವತ್ತಿಗೂ ನೆನಪಿದೆ. ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತಪರೀಕ್ಷೆ ಸಿಆರ್‌ಪಿ, 10ರ ಒಳಗಿರಬೇಕಾದದ್ದು 180 ಇತ್ತು. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನ್‌ನಲ್ಲಿ, ಹೃದಯ ಪಂಪ್ ಮಾಡುವ ಶಕ್ತಿ ಶೇಕಡಾ 45ಕ್ಕೆ ಇಳಿದಿತ್ತು, 55ರ ಮೇಲಿರಬೇಕು.

ಐವಿಐಜಿ ಹಾಕಿದರು, ನರದ ಮೂಲಕ ಕೊಡುವ ಆಂಟಿಬಾಡಿ ಔಷಧಿ. ಕೆಜಿ ತೂಕಕ್ಕೆ 2 ಗ್ರಾಂ ಲೆಕ್ಕ. ಪುಟ್ಟಿ 22 ಕೆಜಿ, ಅಂದರೆ 5 ಗ್ರಾಂನ ಒಂಬತ್ತು ಬಾಟಲಿ. ಸಾವಿರಾರು ಜನ ಕೊಟ್ಟ ರಕ್ತದ ಪ್ಲಾಸ್ಮಾದಿಂದ ತೆಗೆದ ಔಷಧಿ ಅದು. ನರ್ಸ್ ಒಂದೊಂದೇ ಬಾಟಲಿ ಬದಲಿಸುವಾಗ, ಗುರುತೇ ಇಲ್ಲದ ಅಷ್ಟು ಜನ ನನ್ನ ಮಗಳಿಗೆ ರಕ್ತ ಕೊಟ್ಟಿದ್ದಾರೆ ಅಂತ ಅತ್ತುಬಿಟ್ಟೆ. ಜೊತೆಗೆ ಸ್ಟೀರಾಯ್ಡ್. ಎರಡನೇ ದಿನ ಜ್ವರ ಬಿಟ್ಟಿತು, ಮೂರನೇ ದಿನ ಮೊಸರನ್ನ ಕೇಳಿದಳು.

ಮನೆಗೆ ಬಂದ ಮೇಲಿನ ಕೆಲಸ ಉದ್ದ. ಸ್ಟೀರಾಯ್ಡ್ ತಟ್ಟನೆ ನಿಲ್ಲಿಸುವ ಹಾಗಿಲ್ಲ, ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಅಷ್ಟೂ ದಿನ ಅವಳಿಗೆ ಹಸಿವೋ ಹಸಿವು, ಮುಖ ಊದಿಕೊಂಡಿತ್ತು. ರಕ್ತ ಹೆಪ್ಪುಗಟ್ಟದಿರಲಿ ಅಂತ ಸಣ್ಣ ಡೋಸ್ ಆಸ್ಪಿರಿನ್. ಅದು ನಡೆಯುವಾಗ ಮನೆಯಲ್ಲಿ ಯಾರಿಗಾದರೂ ಫ್ಲೂ ಅಥವಾ ಚಿಕನ್‌ಪಾಕ್ಸ್ ಬಂದರೆ ತಕ್ಷಣ ತಿಳಿಸಿ ಅಂದಿದ್ದರು. ಮಕ್ಕಳಿಗೆ ಆಸ್ಪಿರಿನ್ ಸುಮ್ನೆ ಜ್ವರಕ್ಕೆ ಕೊಡುವ ಮಾತ್ರೆ ಅಲ್ಲ, ದಯವಿಟ್ಟು ನೀವಾಗಿ ಕೊಡಬೇಡಿ. ಐವಿಐಜಿ ಆದ ಮೇಲೆ ಎಂಎಂಆರ್, ಚಿಕನ್‌ಪಾಕ್ಸ್ ಲಸಿಕೆಗಳನ್ನು 11 ತಿಂಗಳು ಮುಂದೂಡಬೇಕು, ಚಿಕ್ಕ ಮಕ್ಕಳಿದ್ದರೆ ಮರೆಯಬೇಡಿ. ಓಟ, ಸೈಕಲ್ ಆರು ತಿಂಗಳು ಬಂದ್. ಅವಳಿಗೆ ಎಲ್ಲಕ್ಕಿಂತ ಕಷ್ಟವಾಗಿದ್ದು ಅದೇ. ಆರನೇ ವಾರದ ಎಕೋದಲ್ಲಿ ಹೃದಯ ಸರಿಯಾಗಿತ್ತು.

ಎಂಐಎಸ್-ಸಿ ಅಪರೂಪದ ಕಾಯಿಲೆ, ಒಮಿಕ್ರಾನ್ ನಂತರ ಇನ್ನೂ ಅಪರೂಪ. ಕವಾಸಾಕಿ ಮಾತ್ರ ಈಗಲೂ ಬರುತ್ತದೆ, ಜಾಸ್ತಿ ಐದು ವರ್ಷದ ಒಳಗಿನವರಿಗೆ. ಚಿಕಿತ್ಸೆ ಸಿಗದಿದ್ದರೆ ನೂರಕ್ಕೆ ಸುಮಾರು 25 ಮಕ್ಕಳಲ್ಲಿ ಹೃದಯದ ರಕ್ತನಾಳ ಉಬ್ಬುತ್ತದೆ. ಮೊದಲ ಹತ್ತು ದಿನದೊಳಗೆ ಐವಿಐಜಿ ಸಿಕ್ಕರೆ ಅದು ಸುಮಾರು 5ಕ್ಕೆ ಇಳಿಯುತ್ತದೆ. ಹಾಗಾಗಿ "ಇನ್ನೆರಡು ದಿನ ನೋಡೋಣ" ಅನ್ನುವುದು ಸಣ್ಣ ಮಾತಲ್ಲ. ಜ್ವರ ಶುರುವಾದ ತಾರೀಖು, ಅದಕ್ಕೂ ಮುಂಚಿನ ಎರಡು ತಿಂಗಳಲ್ಲಿ ಮನೆಯಲ್ಲಿ ಯಾರಿಗೆ ಏನು ಬಂದಿತ್ತು ಅನ್ನುವುದನ್ನು ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ.

ಗೆಳತಿಯ ಮಗನಿಗೆ ಆರನೇ ದಿನವೇ ಐವಿಐಜಿ ಕೊಟ್ಟರು. ಮೊದಲ ಎಕೋ ಚೆನ್ನಾಗಿ ಬಂದಿದೆ. ಎರಡನೆಯದು ಬರುವ ಶುಕ್ರವಾರ, ನಾನೂ ಅವಳ ಜೊತೆ ಹೋಗುತ್ತಿದ್ದೇನೆ.