ಕುರ್ಚಿಯ ಹಿಂಗಾಲು

ಮರಗೆಲಸದ ವರ್ಕ್‌ಶಾಪಿನಲ್ಲಿ ಮೊದಲ ವಾರ ಯಾರೂ ಪೆನ್ಸಿಲ್ ಹಿಡಿಯುವಂತಿರಲಿಲ್ಲ. ಹಲಗೆಯ ತುದಿಯಲ್ಲಿ ಮರದ ಬೆಳವಣಿಗೆಯ ಉಂಗುರಗಳು ಯಾವ ಕಡೆಗೆ ಬಾಗಿವೆ ಎಂದು ನೋಡಿ ಹೇಳಬೇಕಿತ್ತು, ಅಷ್ಟೆ. ಒಣಗುವಾಗ ಆ ಉಂಗುರಗಳು ನೆಟ್ಟಗಾಗಲು ನೋಡುತ್ತವೆ. ಹಲಗೆ ತೊಗಟೆಯ ಕಡೆಗೆ ದೋಣಿಯಂತೆ ಬಾಗುತ್ತದೆ. ಸ್ವಂತವಾಗಿ ಪೀಠೋಪಕರಣ ವಿನ್ಯಾಸ ಮಾಡುತ್ತಿರುವ ನಮ್ಮ ಬ್ಯಾಚಿನವರ ಕೆಲಸ ಈಗಲೂ ಶುರುವಾಗುವುದು ಟಿಂಬರ್ ಯಾರ್ಡಿನಲ್ಲಿ, ಹಲಗೆಯ ತುದಿ ನೋಡುವುದರಿಂದ. ಕಾಲೇಜಿನ ಪತ್ರಿಕೆಯ ಈ ಸಂಚಿಕೆಗೆ ನೆನಪು ಬರೆಯಿರಿ ಎಂದಾಗ, ವರ್ಕ್‌ಶಾಪಿನ ಮೇಸ್ಟ್ರು ಕಲಿಸಿದ್ದನ್ನೇ ಬರೆದರೆ ಈಗ ಓದುತ್ತಿರುವವರಿಗೆ ಉಪಯೋಗಕ್ಕೆ ಬಂದೀತು ಎನಿಸಿತು.

ಅವರು ಅತಿ ಹೆಚ್ಚು ಹೊತ್ತು ಪಾಠ ಮಾಡಿದ್ದು ಊಟದ ಕುರ್ಚಿಯ ಹಿಂಗಾಲಿನ ಬಗ್ಗೆ. ನೆಲದಿಂದ ಬೆನ್ನಿನ ತನಕ ಒಂದೇ ತುಂಡು, ಸುಮಾರು 36 ಇಂಚು ಉದ್ದ, ನಡುವೆ ಬಾಗು. ಒಂದೊಂದನ್ನೇ ಕೊಯ್ದರೆ ಒಂದಕ್ಕೆ 4 ಇಂಚು ಅಗಲದ ಹಲಗೆ ಬೇಕು. ಒಂದರ ಬಾಗಿನೊಳಗೆ ಇನ್ನೊಂದನ್ನು ಕೂರಿಸಿ ಗುರುತು ಹಾಕಿದರೆ 6 ಇಂಚಿನ ಒಂದೇ ಹಲಗೆಯಲ್ಲಿ ಎರಡೂ ಬರುತ್ತವೆ. ಕುರ್ಚಿಯೊಂದಕ್ಕೆ ಬೇಕಾಗುವ ಮರ, ಕೊಯ್ತದ ನಷ್ಟವೂ ಸೇರಿ, ಹತ್ತಿರ ಹತ್ತಿರ ಒಂದು ಘನ ಅಡಿ. ಆದ್ದರಿಂದ ಈ ಎರಡು ಇಂಚಿನ ಉಳಿತಾಯ ಆರು ಕುರ್ಚಿಗಳ ಆರ್ಡರಿನಲ್ಲಿ ಎದ್ದು ಕಾಣುತ್ತದೆ.

ಆದರೆ ಮರ ಉಳಿಸುವ ಆತುರದಲ್ಲಿ ನಾರು ನೋಡಲು ಮರೆತರೆ ಕೆಟ್ಟಿತು. ನೇರ ನಾರಿನ ಹಲಗೆಯಲ್ಲಿ ಹೆಚ್ಚು ಬಾಗು ಕೊಯ್ದರೆ, ಬಾಗು ಇರುವ ಕಡೆ ನಾರು ಕಾಲಿನ ಉದ್ದಕ್ಕೂ ಓಡದೆ ಅಡ್ಡ ಕಡಿದು ಹೊರಬೀಳುತ್ತದೆ. ಯಾರಾದರೂ ಹಿಂದಕ್ಕೆ ಒರಗಿ ಎರಡೇ ಕಾಲ ಮೇಲೆ ಕುರ್ಚಿ ತೂಗಿದ ದಿನ ಅದು ಅಲ್ಲಿಯೇ ಸೀಳುತ್ತದೆ, ಅಂಟು ಹಾಕಿದರೂ ನಿಲ್ಲುವುದಿಲ್ಲ. ದಾರಿ ಎರಡೇ: ನಾರು ಸಹಜವಾಗಿ ಬಾಗಿರುವ ಹಲಗೆ ಹುಡುಕುವುದು, ಅಥವಾ 3 ಮಿ.ಮೀ. ಪಟ್ಟಿಗಳನ್ನು ಅಚ್ಚಿನಲ್ಲಿ ಬಗ್ಗಿಸಿ ಅಂಟಿಸುವುದು. ಮೇಸ್ಟ್ರಿಗೆ ಮೊದಲನೆಯದೇ ಇಷ್ಟ. ನನಗೂ.

ಆಮೇಲೆ ಕೀಲು. ಆಸನದ ಪಕ್ಕದ ಪಟ್ಟಿ ಹಿಂಗಾಲಿಗೆ ಸೇರುವ ಜಾಗದಲ್ಲೇ ಕುರ್ಚಿಯ ಆಯಸ್ಸು ಇರುವುದು. ಪಟ್ಟಿ 25 ಮಿ.ಮೀ. ದಪ್ಪವಿದ್ದರೆ ಕಾಲಿನಲ್ಲಿ ತೋಡಿದ ಕುಳಿಗೆ ಇಳಿಯುವ ನಾಲಿಗೆ (ಪಟ್ಟಿಯ ತುದಿಯ ತೆಳು ಚಾಚು) ಆ ದಪ್ಪದ ಮೂರನೇ ಒಂದು ಭಾಗ, ಅಂದರೆ 8 ಮಿ.ಮೀ. ಅದು ಕೈಯಲ್ಲಿ ಒತ್ತಿದರೆ ಬಿಗಿಯಾಗಿ ಇಳಿಯಬೇಕು. ಕೊಡತಿಯಿಂದ ಬಡಿದು ಇಳಿಸಿದರೆ ಅಂಟೆಲ್ಲ ಕೆರೆದು ಹೊರಬರುತ್ತದೆ. ತಾನಾಗಿಯೇ ಜಾರಿ ಇಳಿದರೆ ವರ್ಷದೊಳಗೆ ಕುರ್ಚಿ ಕಿರುಗುಟ್ಟುತ್ತದೆ. ಕುಳಿಯನ್ನು ನಾಲಿಗೆಗಿಂತ 2 ಮಿ.ಮೀ. ಆಳ ತೆಗೆಯಬೇಕು. ಇಲ್ಲದಿದ್ದರೆ ಅಂಟಿಗೆ ಹೋಗಲು ಜಾಗವಿಲ್ಲದೆ, ಕ್ಲಾಂಪ್ ಬಿಗಿಯುವಾಗ ಅದರ ಒತ್ತಡಕ್ಕೇ ಕಾಲು ಬಿರಿಯುತ್ತದೆ.

ಇನ್ನೊಂದು ತೊಡಕಿದೆ. ಆಸನದ ಅಗಲ ಮುಂದೆ 450, ಹಿಂದೆ 400, ಆಳ 410 ಮಿ.ಮೀ. ಇಟ್ಟರೆ ಪಕ್ಕದ ಪಟ್ಟಿ ನೇರ ಕೋನದಲ್ಲಿ ಕೂರುವುದಿಲ್ಲ, ಮೂರೂವರೆ ಡಿಗ್ರಿ ವಾಲುತ್ತದೆ. ಡ್ರಾಯಿಂಗ್‌ನಲ್ಲಿ ಅದನ್ನು ಬರೆಯದಿದ್ದರೆ ಬಡಗಿ 90ಕ್ಕೇ ಕೊಯ್ಯುತ್ತಾರೆ, ತಪ್ಪು ಅವರದಲ್ಲ. ಅದಕ್ಕೇ ಕಂಪ್ಯೂಟರ್ ಡ್ರಾಯಿಂಗ್ ಎಷ್ಟೇ ಚೆನ್ನಾಗಿರಲಿ, ಪ್ಲೈವುಡ್ ಹಾಳೆಯ ಮೇಲೆ ಪೂರ್ಣ ಅಳತೆಯಲ್ಲಿ ಮೇಸ್ಟ್ರು ಒಮ್ಮೆ ಬರೆಯಿಸುತ್ತಿದ್ದರು. ಬಡಗಿ ಕೋನ ಹೊಂದಿಸುವ ತನ್ನ ಬೆವೆಲ್ ಗೇಜನ್ನು ನೇರ ಅದರ ಮೇಲಿಟ್ಟು ಕೋನ ಎತ್ತಿಕೊಳ್ಳಬಹುದು. ಅದಾದ ಮೇಲೆ ಪ್ಯಾಕಿಂಗ್ ಮರದಲ್ಲಿ ಒಂದು ಮಾದರಿ. ಆಸನ 430ರಿಂದ 450 ಎತ್ತರ, ಹಿಂದಕ್ಕೆ 15 ಮಿ.ಮೀ. ಇಳಿಜಾರು. ಕೂತು ಅರ್ಧ ಗಂಟೆ ಓದಿದ ಮೇಲಷ್ಟೇ ತೇಗ ಮುಟ್ಟುವುದು.

ಮರ ಒಣಗಿರುವುದು ಮುಖ್ಯ, ಮೀಟರ್ ಹಚ್ಚಿ ತೇವಾಂಶ ಶೇ. 12ರ ಆಸುಪಾಸು ಇದೆಯೇ ನೋಡಿ. ಒಣಗಿದ ಮೇಲೂ ಅದು ಆಡುತ್ತಲೇ ಇರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಮಾಡಿದ ಮೇಜು ಏಸಿ ಕೋಣೆಗೆ ಹೋಗಿ ತೇವಾಂಶ ಶೇ. 4ರಷ್ಟು ಇಳಿದರೆ, 600 ಮಿ.ಮೀ. ಅಗಲದ ತೇಗದ ಹಾಸು ನಾಲ್ಕು ಮಿ.ಮೀ.ನಷ್ಟು ಕುಗ್ಗಬಹುದು. ಹಾಸನ್ನು ಚೌಕಟ್ಟಿಗೆ ಅಂಟಿಸಿಬಿಟ್ಟಿದ್ದರೆ ನಡುವೆ ಸೀಳು ಖಂಡಿತ. ಸ್ಕ್ರೂ ತೂತನ್ನು ಅಗಲದ ದಿಕ್ಕಿಗೆ ಉದ್ದ ಮಾಡಿ, ವಾಷರ್ ಹಾಕಿ ಬಿಗಿದರೆ ಸಾಕು.

ಗೋಡೆಯ ಮೇಲೆ ಜಾರ್ಜ್ ನಕಾಶಿಮಾ ಅವರ ಮೇಜಿನ ಚಿತ್ರವೊಂದಿತ್ತು. 1930ರ ದಶಕದಲ್ಲಿ ಪಾಂಡಿಚೇರಿಯ ಅರವಿಂದಾಶ್ರಮದ ಗೋಲ್ಕೊಂಡ್ ವಸತಿ ಕಟ್ಟಡದ ಕೆಲಸಕ್ಕೆ ಬಂದಿದ್ದ, ಜಪಾನೀ ಮೂಲದ ಅಮೆರಿಕನ್ ವಾಸ್ತುಶಿಲ್ಪಿ. ಯುದ್ಧಕಾಲದಲ್ಲಿ ಅಮೆರಿಕದ ಬಂಧನ ಶಿಬಿರದಲ್ಲಿ ಜಪಾನೀ ಬಡಗಿಯೊಬ್ಬರಿಂದ ಕೆಲಸ ಕಲಿತು, ಪೆನ್ಸಿಲ್ವೇನಿಯಾದ ನ್ಯೂ ಹೋಪ್‌ನಲ್ಲಿ ಸ್ವಂತ ವರ್ಕ್‌ಶಾಪ್ ಕಟ್ಟಿದರು. 1964ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಗೂ ಬಂದು ಪೀಠೋಪಕರಣ ವಿನ್ಯಾಸ ಮಾಡಿದರು. ಬಿರುಕು ಬಿಟ್ಟ ಹಲಗೆಯನ್ನು ಎಸೆಯದೆ, ಬಿರುಕಿಗೆ ಅಡ್ಡಲಾಗಿ ಚಿಟ್ಟೆಯಾಕಾರದ ಬೆಣೆ ಕೂರಿಸುವುದು ಅವರ ಕೆಲಸದ ಗುರುತು. ನೋಡಲು ಸುಲಭ. ಆದರೆ ಬೆಣೆಯ ನಾರು ಬಿರುಕಿಗೆ ಅಡ್ಡಲಾಗಿಯೇ ಓಡಬೇಕು. ಬಿರುಕಿನ ದಿಕ್ಕಿಗೇ ಇಟ್ಟರೆ ಚಿಟ್ಟೆ ಸೊಂಟದಲ್ಲೇ ಮುರಿಯುತ್ತದೆ.

ಹಣದ ಮಾತು ಕಾಲೇಜಿನಲ್ಲಿ ಕಡಿಮೆಯಿತ್ತು, ಹೆಚ್ಚು ಇರಬೇಕಿತ್ತು. ಮರ, ಕೂಲಿ, ಪಾಲಿಶ್, ಸಾಗಣೆ ಎಲ್ಲರೂ ಲೆಕ್ಕ ಹಾಕುತ್ತಾರೆ. ಬಿಟ್ಟುಹೋಗುವುದು ಮಾದರಿಗಳಿಗೆ ಹೋದ ದಿನಗಳು. ಮೂರು ಮಾದರಿ ಮಾಡಿದ್ದರೆ ಆ ಖರ್ಚನ್ನು ಮೊದಲ ಹತ್ತು ಕುರ್ಚಿಗಳ ಮೇಲೆ ಹಂಚಿ. ಹೊಸ ವಿನ್ಯಾಸದ ಫೋಟೊವನ್ನು ನೋಂದಣಿಗೆ ಅರ್ಜಿ ಹಾಕುವ ಮೊದಲೇ ಹೊರಗೆ ಬಿಡಬೇಡಿ: 2000ದ ವಿನ್ಯಾಸ ಕಾಯ್ದೆಯಲ್ಲಿ ಮೊದಲೇ ಪ್ರಕಟವಾದದ್ದಕ್ಕೆ ರಕ್ಷಣೆ ಸಿಗುವುದಿಲ್ಲ. ನೋಂದಾಯಿಸಿದರೆ 10 ವರ್ಷ, ಆಮೇಲೆ ಇನ್ನೂ 5.

ಕೊನೆಗೆ ಎಣ್ಣೆ. 80, 120, 180, 240, ಈ ಕ್ರಮದಲ್ಲಿ ಮರಳು ಕಾಗದ ಉಜ್ಜಿ, ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಒರೆಸಿ ತೆಗೆಯಬೇಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬಾರದು. ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ, ಮುದ್ದೆಯೊಳಗಿನ ಕಾವು ಹೊರಹೋಗದೆ ತಾನಾಗಿಯೇ ಬೆಂಕಿ ಹತ್ತಬಹುದು. ನಮ್ಮ ವರ್ಕ್‌ಶಾಪಿನ ಹಿಂದೆ ಬೇವಿನ ಮರದಿಂದ ಕಿಟಕಿಯ ಸರಳಿಗೆ ಕಟ್ಟಿದ ಒಂದು ತಂತಿ ಇತ್ತು. ಸಂಜೆ ಬಾಗಿಲು ಹಾಕುವ ಮೊದಲು ಮೇಸ್ಟ್ರು ಬಟ್ಟೆಗಳನ್ನು ಎಣಿಸಿ, ಒಂದೊಂದಾಗಿ ಬಿಡಿಸಿ ಅದರ ಮೇಲೆ ಹರವುತ್ತಿದ್ದರು.