ಚೆನ್ನಮ್ಮಾಜಿ ವರಹ: ನಡುಸಾಲು ಕೊನೆಗೂ ಬಿತ್ತು

ಬಿತ್ತು! ಕೆಳದಿ ರಾಣಿ ಚೆನ್ನಮ್ಮಾಜಿಯ ಹೆಸರಿನಲ್ಲಿ ನಾನೇ ಅಚ್ಚು ಕೊರೆದು ತಾಮ್ರದಲ್ಲಿ ಒತ್ತುತ್ತಿರುವ ಕಲ್ಪನೆಯ ನಾಣ್ಯದ ಮೇಲೆ ‘ಚೆನ್ನ’ ಅನ್ನುವ ನಡುಸಾಲು ಕೊನೆಗೂ ಮೂಡಿಬಿತ್ತು. ಒತ್ತಕ್ಷರವೂ ಬಿತ್ತು, ತಲೆಯ ಮೇಲಿನ ಮಾತ್ರೆಯೂ ಬಿತ್ತು. ಲೂಪ್ (ಪುಟ್ಟ ಭೂತಗನ್ನಡಿ) ಬೇಡ, ಬರಿಗಣ್ಣಿಗೇ ಓದಬಹುದು. ನಮ್ಮ ಮನೆಯವರಿಗೆ ತೋರಿಸಿದೆ. ‘ಒಳ್ಳೇದಾಯ್ತು, ಇನ್ನಾದರೂ ಅಡುಗೆಮನೆಯಿಂದ ಆ ಗ್ಯಾಸ್ ಟಾರ್ಚ್ ತೆಗೀತೀಯಾ?’ ಅಂದರು. ಇದರ ಸಂತೋಷ ಅಚ್ಚು ಕೊರೆದವರಿಗೇ ಗೊತ್ತು, ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ಕೆಳದಿ ಅರಸರ ಚಿನ್ನದ ನಾಣ್ಯ ಇಕ್ಕೇರಿ ವರಹ ನಿಮಗೆಲ್ಲ ಪರಿಚಯವೇ. ಒಂದು ಕಡೆ ಕೂತ ಶಿವ ಪಾರ್ವತಿ, ಇನ್ನೊಂದು ಕಡೆ ನಾಗರಿಯಲ್ಲಿ ‘ಶ್ರೀ ಸದಾಶಿವ’. ತೂಕ ಸುಮಾರು 3.4 ಗ್ರಾಂ. ಕೆಳದಿಯ ಅರಸ ಸದಾಶಿವ ನಾಯಕ 16ನೇ ಶತಮಾನದವನು. ಅವನ ನಂತರ ಬಂದವರೂ ಅದೇ ಹೆಸರಿನಲ್ಲೇ ಅಚ್ಚು ಹಾಕಿಸಿಕೊಂಡು ಹೋದರು. ಅದು ರಾಜನ ಹೆಸರೂ ಹೌದು, ದೇವರ ಹೆಸರೂ ಹೌದು. ಜೊತೆಗೆ ವ್ಯಾಪಾರಿಗಳು ಕಣ್ಣುಮುಚ್ಚಿ ತೆಗೆದುಕೊಳ್ಳುವ ನಾಣ್ಯ. ಅದನ್ನು ಬದಲಿಸಿ ಯಾರಿಗೆ ಏನಾಗಬೇಕಿತ್ತು? ನಮ್ಮಂಥವರಿಗೆ ಮಾತ್ರ ಹೊಟ್ಟೆಯುರಿ. ಕೆಳದಿ ಚೆನ್ನಮ್ಮಾಜಿ 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನೇ ಎದುರು ಹಾಕಿಕೊಂಡಳು. ಅಂಥವಳ ಹೆಸರಿನ ಒಂದು ವರಹ ನಾನು ನೋಡಿದ ಯಾವ ಕ್ಯಾಟಲಾಗಿನಲ್ಲೂ ಇಲ್ಲ. ಶಿವಮೊಗ್ಗ, ಸಾಗರದ ಕಡೆ ನಾಣ್ಯ ಕೂಡಿಡುವವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಸಿಗುವುದಿಲ್ಲ ಅಂದಮೇಲೆ ಮಾಡಿಯೇ ಬಿಡೋಣ ಅಂತ ಹೊರಟಿದ್ದು.

ಕಲ್ಪನೆಯ ನಾಣ್ಯಕ್ಕೆ ನನ್ನದೊಂದು ನಿಯಮ ಇದೆ. ಒಂದು ನಾಣ್ಯದಲ್ಲಿ ಒಂದೇ ಸುಳ್ಳು. ಇಲ್ಲಿ ಆ ಸುಳ್ಳು ಹೆಸರು. ಮಿಕ್ಕಿದ್ದೆಲ್ಲ ಕೆಳದಿಯವರ ರಾಜಧಾನಿ ಬಿದನೂರಿನ ಟಂಕಸಾಲೆಯವನು ನೋಡಿದರೂ ತಲೆದೂಗುವ ಹಾಗಿರಬೇಕು. ರಾಣಿಯ ಮುಖ ಹಾಕಿ, ಕುದುರೆ ಮೇಲೆ ಕೂರಿಸಿ, ಕೈಗೆ ಕತ್ತಿ ಕೊಡಿ ಅಂದವರು ಬಹಳ ಜನ. ಅದು ಸರ್ಕಲ್ಲಿನ ಪ್ರತಿಮೆ ಆಗುತ್ತದೆ, ವರಹ ಆಗುವುದಿಲ್ಲ. ಕನ್ನಡದಲ್ಲಿ ಯಾಕೆ ಬರೆಸಲಿಲ್ಲ ಅಂತಲೂ ಬೈಸಿಕೊಂಡೆ. ಕನ್ನಡ ಬೇಕಾದವರು ಹೊಯ್ಸಳ ವಿಷ್ಣುವರ್ಧನನ ‘ತಲಕಾಡುಗೊಂಡ’ ಅನ್ನುವ ಬರಹದ ನಾಣ್ಯ ನೋಡಿ ಕಣ್ಣು ತಂಪು ಮಾಡಿಕೊಳ್ಳಿ. ಇಕ್ಕೇರಿ ವರಹದ ಅಕ್ಷರ ನಾಗರಿ. ಅದನ್ನು ಬದಲಿಸಿದರೆ ಎರಡನೇ ಸುಳ್ಳಾಯಿತು.

ಅಚ್ಚು ಕೊರೆದಿದ್ದು, ಹದ ಮಾಡಿದ್ದು ಎಲ್ಲ ಹಳೇ ಕಥೆ, ಬಿಡಿ. ಒಎಚ್‌ಎನ್‌ಎಸ್ ಉಕ್ಕಿನ ಸರಳು, ಆಯಸ್ಕಾಂತಕ್ಕೆ ಅಂಟದಷ್ಟು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದುವುದು, ಆಮೇಲೆ ಒಣಹುಲ್ಲಿನ ಹಳದಿ ಬಣ್ಣದವರೆಗೆ ಕಾಯಿಸುವುದು. ಮಳೆಗಾಲದಲ್ಲಿ ಒಂದು ಎಚ್ಚರ ಮಾತ್ರ ಹೇಳಿಬಿಡುತ್ತೇನೆ. ಪಾಲಿಶ್ ಮಾಡಿದ ಅಚ್ಚನ್ನು ರಾತ್ರಿ ಮೇಜಿನ ಮೇಲೆ ಬಿಟ್ಟು ಮಲಗಬೇಡಿ. ಬಯಲುಸೀಮೆಯವರಿಗೆ ಇದು ಅರ್ಥ ಆಗುವುದಿಲ್ಲ. ಇಲ್ಲಿ ಆಷಾಢದಲ್ಲಿ ಕಬ್ಬಿಣ ಕಣ್ಣೆದುರೇ ತುಕ್ಕು ಹಿಡಿಯುತ್ತದೆ.

ತಾಮ್ರದ ಕಥೆ ಕೇಳಿ. ‘ಶುದ್ಧ ತಾಮ್ರದ ಸರಳು’ ಅಂತ ಆನ್‌ಲೈನಿನಲ್ಲಿ ತರಿಸಿದೆ. ಬಿಲ್ಲೆ ಕೊಯ್ಯಲು ಹೋದರೆ ಗರಗಸ ಕಿರುಚಿತು. ಆಯಸ್ಕಾಂತ ಹಿಡಿದೆ, ಟಕ್ ಅಂತ ಅಂಟಿತು! ಅರ್ಥಿಂಗ್ ರಾಡ್ ಕಳಿಸಿದ್ದರು. ಒಳಗೆ ಉಕ್ಕು, ಮೇಲೆ ತೆಳು ತಾಮ್ರ. ಕೇಳಿದ್ದಕ್ಕೆ ‘ಮೇಡಂ, ಕಾಪರ್ ಇದೆಯಲ್ಲ’ ಅಂದ ಪುಣ್ಯಾತ್ಮ. ಇದೆ ಮಾರಾಯ, ಅರಿಶಿನ ಹಚ್ಚಿದಷ್ಟು ಇದೆ. ಕೊನೆಗೆ ಹಳೇ ಕರೆಂಟಿನ ಪ್ಯಾನೆಲ್ ಬೋರ್ಡಿನ ಬಸ್‌ಬಾರ್ ತುಂಡೊಂದು ಗುಜರಿಯಲ್ಲಿ ಸಿಕ್ಕಿತು. ಬೆಣ್ಣೆಯಂಥ ತಾಮ್ರ. ಅಚ್ಚು ಕೊರೆಯಲು ಮೋಟಾರಿಗೆ ಸಿಕ್ಕಿಸುವ ಬರ್‌ಗಳ ಬಗ್ಗೆ ಮಾತೇ ಬೇಡ. ವಜ್ರದ ಪುಡಿ ಅಂತೆ, ಎರಡು ಅಕ್ಷರಕ್ಕೆ ಬೋಳಾಗುತ್ತವೆ. ಅಕ್ಷರಕ್ಕೆಲ್ಲ ಚಾಣವೇ ವಾಸಿ.

ಈಗ ಮುಖ್ಯ ತಲೆನೋವು.

‘ಸದಾಶಿವ’ ಎಷ್ಟು ಸಲೀಸಾದ ಹೆಸರು ಅಂತ ಗೊತ್ತಾಗಬೇಕಾದರೆ ‘ಚೆನ್ನಮ್ಮಾಜಿ’ ಕೊರೆಯಬೇಕು. ಅಲ್ಲಿ ಶ್ರೀ ಬಿಟ್ಟರೆ ಒತ್ತಕ್ಷರವೇ ಇಲ್ಲ. ಇಲ್ಲಿ ಎರಡು ಒತ್ತು, ಮೇಲೊಂದು ಮಾತ್ರೆ, ಕೊನೆಗೆ ದೀರ್ಘ. ಜಾಗ ಇರುವುದು 13 ಮಿ.ಮೀ. ಮೂರು ಸಾಲು ಮಾಡಿದೆ: ಶ್ರೀ, ಕೆಳಗೆ ಚೆನ್ನ, ಅದರ ಕೆಳಗೆ ಮ್ಮಾಜೀ. ಸೀಸದ ಮೇಲೆ ಒತ್ತಿ ನೋಡಿದೆ. ಮೂರೂ ಸಾಲು ಚಂದವಾಗಿ ಬಂದವು. ತಾಮ್ರದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಹೈಡ್ರಾಲಿಕ್ ಜಾಕ್ ಒತ್ತಿದರೆ ಮೇಲಿನ ಸಾಲು ಬಂತು, ಕೆಳಗಿನ ಸಾಲು ಬಂತು, ನಡುವೆ ಬರೀ ಬಯಲು. ಒತ್ತಕ್ಷರಗಳು ಸವೆದ ಹಾಗೆ ಕಂಡು, ನನ್ನ ವರಹ ‘ಶ್ರೀ ಮಾಜಿ’ ಅಂತ ಓದಿಸಿಕೊಂಡಿತು. ಮಾಜಿ ಮುಖ್ಯಮಂತ್ರಿಗಳಿಗೆ ನಮ್ಮ ಜಿಲ್ಲೆಯಲ್ಲಿ ಯಾವತ್ತೂ ಬರ ಇಲ್ಲ, ಅವರಿಗೇ ಕೊಡು ಅಂತ ಮನೆಯವರ ಸಲಹೆ.

ಒತ್ತಡ ಸಾಲದು ಅನ್ನುತ್ತೀರಿ. 13 ಮಿ.ಮೀ. ತಾಮ್ರಕ್ಕೆ 20 ಟನ್ ಜಾಕ್ ಧಾರಾಳ. ಜಾಸ್ತಿ ಒತ್ತಿದಷ್ಟೂ ಬಿಲ್ಲೆ ಅಗಲವಾಗಿ ಅಂಚು ಸೀಳಿತೇ ಹೊರತು ನಡುಸಾಲು ಏಳಲಿಲ್ಲ. ಕೆಂಪಗೆ ಕಾಯಿಸಿ, ಮೆತ್ತಗೆ ಮಾಡಿ, ಮತ್ತೆ ಒತ್ತಿದೆ. ಕಾಯಿಸಿದಾಗ ಕಟ್ಟುವ ಕಪ್ಪು ತೆಗೆಯಲು ಹುಣಸೆಹಣ್ಣು ಮುಗಿದಿತ್ತು, ವಾಟೆಹುಳಿ ನೀರಿಗೆ ಹಾಕಿದೆ. ತಾಮ್ರ ಫಳಫಳ ಅಂತ ಬೆಳಗಿತು, ಅಕ್ಷರ ಮಾತ್ರ ಇಲ್ಲ. ದಪ್ಪ ಬಿಲ್ಲೆ ಇಟ್ಟರೆ ‘ಚ’ದ ನೆರಳು ಬರುತ್ತಿತ್ತು, ಆದರೆ ನಾಣ್ಯ ಔಷಧಿ ಗುಳಿಗೆಯಷ್ಟು ದಪ್ಪ. ನಡುಸಾಲನ್ನು ಇನ್ನೂ ಆಳಕ್ಕೆ ಕೊರೆದೆ. ಇನ್ನೂ ಹಾಳಾಯಿತು! ಆಳದ ಅಕ್ಷರ ತುಂಬಲು ಜಾಸ್ತಿ ಲೋಹ ಬೇಕಲ್ವಾ.

ಕಾಲರ್ ಹಾಕಿ, ಮುಗಿಯುತ್ತದೆ ಅನ್ನುವವರು ಇದ್ದೇ ಇರುತ್ತೀರಿ. ಸುತ್ತ ಬಳೆ ಹಾಕಿದರೆ ಲೋಹ ಹೊರಗೆ ಓಡುವುದಿಲ್ಲ, ಅಕ್ಷರಕ್ಕೇ ಏರಬೇಕು, ನಿಜ. ಆದರೆ ಅಂಚು ದುಂಡಗೆ, ನೆಟ್ಟಗೆ ಬಂದು ಕೋಟಿನ ಗುಂಡಿಯಂತೆ ಕಾಣುತ್ತದೆ. ಸುತ್ತಿಗೆ ಏಟಿನ ನಾಣ್ಯದ ಅಂಚು ಹಾಗಿರುವುದಿಲ್ಲ. ಮತ್ತೆ ಎರಡನೇ ಸುಳ್ಳು.

ಗಂಟು ಬಿಚ್ಚಿದ್ದು ತಾಳಿ, ಗೆಜ್ಜೆ ಮಾಡುವ ನಮ್ಮ ಬೀದಿಯ ಆಚಾರ್ರು. ಹಾಳಾದ ಬಿಲ್ಲೆಗಳನ್ನೆಲ್ಲ ಸುರಿದು ಕೂತಿದ್ದೆ. ಅವರು ಒಂದನ್ನು ಎತ್ತಿ ಆ ಕಡೆ ಈ ಕಡೆ ತಿರುಗಿಸಿದರು.

‘ಅಕ್ಕಾ, ಈ ಕಡೆ ದೇವರ ಹೊಟ್ಟೆ ಎಷ್ಟು ಎದ್ದಿದೆ ನೋಡಿ. ಅದರ ಬೆನ್ನಿಗೇ ನಿಮ್ಮ ಅಕ್ಷರ. ಎರಡೂ ಕಡೆ ಒಂದೇ ಜಾಗದಲ್ಲಿ ಲೋಹ ಕೇಳಿದರೆ ಅದು ಎಲ್ಲಿಂದ ಬರಬೇಕು?’

‘ಹಾಗಾದರೆ ದೇವರನ್ನು ತಗ್ಗಿಸಬೇಕಾ ಆಚಾರ್ರೇ?’

‘ದೇವರನ್ನು ಯಾಕೆ ತಗ್ಗಿಸ್ತೀರಿ, ಅಕ್ಷರ ಬೇರೆ ಕಡೆ ಕೂರಿಸಿ.’

ಮನೆಗೆ ಬಂದು ಎರಡೂ ಮುಖಗಳನ್ನು ಟ್ರೇಸಿಂಗ್ ಹಾಳೆಯ ಮೇಲೆ ಬರೆದು ಒಂದರ ಮೇಲೊಂದು ಇಟ್ಟೆ. ಅವರು ಹೇಳಿದ್ದೇ ಸರಿ. ಶಿವನ ಎದೆ, ಪಾರ್ವತಿಯ ಎದೆ ಅಕ್ಕಪಕ್ಕ. ನಡುಸಾಲು ಸರಿಯಾಗಿ ಇಬ್ಬರ ಬೆನ್ನ ಹಿಂದೆ ಅಡ್ಡಲಾಗಿ ಹಾದುಹೋಗಿದೆ. ತಾಮ್ರವೆಲ್ಲ ದೇವರ ಕಡೆ ಓಡುತ್ತಿತ್ತು. ಸೀಸ ತೀರಾ ಮೆತ್ತಗೆ, ಅದು ಎಲ್ಲಿ ಬೇಕಾದರೂ ಹೋಗುತ್ತದೆ. ಅದಕ್ಕೇ ಅದರಲ್ಲಿ ಗೊತ್ತಾಗಿರಲಿಲ್ಲ. ಹೊಸ ಅಚ್ಚು ಕೊರೆಯಬೇಕಲ್ಲಾ ಅಂತ ಕೈಕಾಲು ಸೋತಿತು. ಆಗ ಸುಮ್ನೆ ಮೇಲಿನ ಹಾಳೆಯನ್ನು ಕಾಲು ಸುತ್ತು ತಿರುಗಿಸಿದೆ.

ಅಡ್ಡ ಇದ್ದ ಸಾಲು ಉದ್ದಕ್ಕೆ ನಿಂತಿತು. ನಿಂತಿದ್ದೆಲ್ಲಿ? ಶಿವ ಪಾರ್ವತಿಯರ ನಡುವಿನ ಸಂದಿಯಲ್ಲಿ! ಅಲ್ಲಿ ಏನೂ ಉಬ್ಬಿಲ್ಲ, ಅಚ್ಚಿನ ಸಮತಟ್ಟು ಮುಖವೇ ಲೋಹವನ್ನು ಹಿಂದಕ್ಕೆ ತಳ್ಳುತ್ತದೆ. ಆಳ ಮಾಡಿ ಕೆಡಿಸಿದ್ದ ಅಕ್ಷರಗಳಿಗೂ ಅದು ಸಾಕಾಯಿತು. ಹೊಸ ಅಚ್ಚು ಬೇಡ, ಏನೂ ಬೇಡ. ಮೇಲಿನ ಅಚ್ಚು ತಿರುಗಿಸಿ ಇಟ್ಟೆ, ಒತ್ತಿದೆ. ‘ಚೆನ್ನ’ ಎದ್ದು ನಿಂತಿತು. ಮೇಲಿನ ಮತ್ತು ಕೆಳಗಿನ ಸಾಲು ಈಗ ದೇವರ ಹೊರಭುಜಗಳ ಹಿಂದೆ ಬಿದ್ದು ಸ್ವಲ್ಪ ಮಂಕಾಗಿವೆ. ಶ್ರೀಯ ಬಾಲ ಅರ್ಧ ಇಲ್ಲ. ಇರಲಿ, ಹಳೇ ವರಹಗಳಲ್ಲೂ ಎಲ್ಲ ಅಕ್ಷರ ಎಲ್ಲಿ ಬೀಳುತ್ತದೆ?

ಇದು ಸುಳ್ಳಿನ ಲೆಕ್ಕಕ್ಕೂ ಬರುವುದಿಲ್ಲ. ಹಿಂದಿನ ಟಂಕಸಾಲೆಯಲ್ಲಿ ಕೆಳಗಿನ ಅಚ್ಚು ಅಡಿಗಲ್ಲಿನಲ್ಲಿ ನಾಟಿರುತ್ತಿತ್ತು, ಮೇಲಿನದು ಕೈಯಲ್ಲಿ. ಅದು ಹೇಗೆ ತಿರುಗಿತೋ ಹಾಗೆ ಏಟು. ಕಾಲು ಸುತ್ತು ತಿರುಗಿದ ನಾಣ್ಯ ನೋಡಿ ಯಾರೂ ಹುಬ್ಬೇರಿಸುವುದಿಲ್ಲ.

ತಾಮ್ರದಲ್ಲೇ ನಿಲ್ಲಿಸುತ್ತೇನೆ. ನಾಣ್ಯ ಮೇಳದಲ್ಲಿ ಸಿಕ್ಕ ಒಬ್ಬರು, ಚಿನ್ನದ ಪ್ಲೇಟಿಂಗ್ ಮಾಡಿಸಿ ಒಂದು ಡಜನ್ ಕೊಡಿ, ರೇಟು ನೀವೇ ಹೇಳಿ ಅಂದರು. ಆಗಲ್ಲ ಅಂದೆ. ದೇಶದಲ್ಲಿ ಕಲ್ಪನೆಯ ನಾಣ್ಯಗಳಿಂದ ಆಗಿರುವ ಅನಾಹುತವೇ ಸಾಕು. 1818 ಅಂತ ಇಸವಿ ಹಾಕಿದ, ರಾಮ ಲಕ್ಷ್ಮಣ ಸೀತೆ ಹನುಮಂತ ಇರುವ ‘ಈಸ್ಟ್ ಇಂಡಿಯಾ ಕಂಪನಿ’ ಅರ್ಧಾಣೆ ನಿಮ್ಮ ಊರಿನಲ್ಲೂ ಯಾರೋ ಒಬ್ಬರ ದೇವರ ಪೆಟ್ಟಿಗೆಯಲ್ಲಿ ಇರುತ್ತದೆ. ಕಂಪನಿ ಅಂಥ ನಾಣ್ಯ ಹೊಡೆಸಿದ್ದೇ ಇಲ್ಲ. ಅಕ್ಕಿ ಎಳೆಯುತ್ತದೆ, ಕೋಟಿ ಬೆಲೆ ಅಂತ ಇಂಥವನ್ನು ನಂಬಿಸಿ, ‘ರೈಸ್ ಪುಲ್ಲಿಂಗ್’ ಹೆಸರಲ್ಲಿ ಜನರ ಮನೆ ತೊಳೆದಿದ್ದಾರೆ. ನನ್ನದು ತಕ್ಕಡಿಗೆ ಹಾಕಿದರೆ ಸಿಕ್ಕಿಬೀಳುತ್ತದೆ. ಅದೇ ಗಾತ್ರದ ತಾಮ್ರ ಚಿನ್ನದ ವರಹದ ಅರ್ಧ ತೂಕದ ಆಸುಪಾಸು ಅಷ್ಟೇ. ಸಾಲದ್ದಕ್ಕೆ ಪಾರ್ವತಿಯ ಬಲಗಡೆ ಒಂದು ಪುಟ್ಟ ಅಡಿಕೆ ಗೊನೆ, ಅದರ ಕೆಳಗೆ ಕನ್ನಡದ ‘ಕ’. ಕಲ್ಪನೆಯ ‘ಕ’. ಇದೊಂದಕ್ಕೆ ನನ್ನ ನಿಯಮದಿಂದ ರಿಯಾಯಿತಿ.

ಮುಂದಿನದು ಆಗಲೇ ತಲೆಯಲ್ಲಿ ಕೂತಿದೆ. 1763ರಲ್ಲಿ ಹೈದರ್ ಅಲಿ ಬಿದನೂರು ಹಿಡಿದ. ಊರಿನ ಹೆಸರು ಹೈದರ್‌ನಗರ ಆಯಿತು, ಈಗಿನ ನಮ್ಮ ನಗರ. ಆದರೆ ವರಹದ ಮೇಲಿನ ಶಿವ ಪಾರ್ವತಿಯರನ್ನು ಅವನು ಮುಟ್ಟಲಿಲ್ಲ. ಹಿಂಬದಿಯಲ್ಲಿ ಸದಾಶಿವನನ್ನು ತೆಗೆದು, ಚುಕ್ಕಿಗಳ ನಡುವೆ ಪಾರ್ಸಿ ಲಿಪಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ‘ಹೇ’ ಹಾಕಿಸಿದ. ನಡುವಿನ ಆ ಗಡಿಬಿಡಿಯ ದಿನಗಳಲ್ಲಿ, ಖಜಾನೆಯಲ್ಲಿದ್ದ ಹಳೇ ವರಹದ ಬೆನ್ನ ಮೇಲೇ ಹೊಸ ಅಚ್ಚು ಹೊಡೆದಿದ್ದರೆ? ‘ಹೇ’ ಕೆಳಗೆ ‘ದಾಶಿ’ ಅಂತ ಅರ್ಧ ಅಳಿದ ನಾಗರಿ. ಅಂಥದ್ದೊಂದು ಸಿಕ್ಕರೆ ನಾನು ಊಟ ಬಿಟ್ಟೇನು!

ಮಾಡುವುದು ಸುಲಭ ಅನಿಸುತ್ತದೆ. ಮೊದಲು ಸದಾಶಿವ ಹೊಡೆ, ಕಾಯಿಸಿ ಮೆತ್ತಗೆ ಮಾಡು, ಮೇಲೆ ‘ಹೇ’ ಹೊಡೆ. ಹಳೇದು ಎಷ್ಟು ಉಳಿಯಬೇಕು ಅನ್ನುವುದೇ ಪರೀಕ್ಷೆ. ಒಂದು ಏಟು ಜಾಸ್ತಿಯಾದರೆ ಸದಾಶಿವ ಪೂರ್ತಿ ಮಾಯ. ಅದಕ್ಕೂ ಮೊದಲು ಚುಕ್ಕಿಗಳು. ಒಂದೊಂದನ್ನೂ ಅಚ್ಚಿನಲ್ಲಿ ಗುಂಡು ಮೊನೆಯ ಪಂಚಿನಿಂದ ಇಳಿಸಬೇಕು, ಎಲ್ಲವೂ ಒಂದೇ ಆಳ. ಅಷ್ಟು ಸಣ್ಣ ಪಂಚನ್ನು ಹಳೇ ಗ್ರಾಮಫೋನ್ ಮುಳ್ಳಿನಿಂದ ಮಾಡಬಹುದು ಅಂತ ಆಚಾರ್ರು ಹೇಳುತ್ತಾರೆ. ಯಾರ ಅಟ್ಟದ ಮೇಲಾದರೂ ಮುಳ್ಳಿನ ಡಬ್ಬಿ ಇದ್ದರೆ ಹೇಳಿ. ಬದಲಿಗೆ ಒಂದು ಚೆನ್ನಮ್ಮಾಜಿ ವರಹ ಕೊಡುತ್ತೇನೆ, ‘ಮಾಜಿ’ ಆದದ್ದಲ್ಲ, ನಡುಸಾಲು ಬಿದ್ದದ್ದೇ.