ಎಲ್ಲರ ಟಿ ಕೋಶಗಳೂ ಒಂದೇ ವೇಗದಲ್ಲಿ ಬೆಳೆಯುತ್ತವೆಯಾ?

ಟಿ ಕೋಶಗಳನ್ನು, ಅಂದರೆ ಸೋಂಕು-ಕ್ಯಾನ್ಸರ್ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನು, ಬೆಳೆಸುವ ಲ್ಯಾಬಿನಲ್ಲಿ ಕೆಲಸ ಅಂದ ಕೂಡಲೇ ಜನ ಕೇಳುವುದು ಇದನ್ನೇ. ಬೆನ್ನಿಗೇ ಇನ್ನೊಂದು: "ಇಲ್ಲ ಅಂದ್ರೆ, ಅದಕ್ಕೆ ಜೀನ್ ಕಾರಣ ಅಲ್ವಾ?"

ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಅದರಲ್ಲಿ ಜೀನಿನ ಪಾಲೂ ಇದೆ. ಆದರೆ ಎಲ್ಲವನ್ನೂ ಜೀನ್ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ.

ಟಿ ಕೋಶವನ್ನು 37 ಡಿಗ್ರಿ ಶಾಖದಲ್ಲಿ ಸುಮ್ನೆ ಇಟ್ಟರೆ ಅದು ಬೆಳೆಯುವುದಿಲ್ಲ. ಮೊದಲು ಅದನ್ನು ಎಬ್ಬಿಸಬೇಕು, ಆಮೇಲೆ ಐಎಲ್-2 ಎಂಬ ಪ್ರೋಟೀನ್ ಹಾಕಬೇಕು. ಐಎಲ್-2ವನ್ನು ಗಟ್ಟಿಯಾಗಿ ಹಿಡಿಯಲು ಕೋಶದ ಮೇಲೆ ಸಿಡಿ25 ಎಂಬ ಇನ್ನೊಂದು ಪ್ರೋಟೀನ್ ಇರಬೇಕು. ಸಿಡಿ25 ಮಾಡುವ ಐಎಲ್2ಆರ್‌ಎ ಜೀನ್ 10ನೇ ಕ್ರೋಮೋಸೋಮಿನಲ್ಲಿದೆ. ಆ ಜಾಗದ ಡಿಎನ್‌ಎಯಲ್ಲಿ ಸಣ್ಣ ವ್ಯತ್ಯಾಸ ಇರುವ ಕೆಲವರಲ್ಲಿ, ಹಳೆಯ ಸೋಂಕುಗಳನ್ನು ನೆನಪಿಟ್ಟುಕೊಂಡ ಟಿ ಕೋಶಗಳ ಮೇಲೆ ಸಿಡಿ25 ಜಾಸ್ತಿ. ಟೈಪ್ 1 ಮಧುಮೇಹದ ಅಪಾಯಕ್ಕೂ ಈ ಜಾಗಕ್ಕೂ ನಂಟಿದೆ.

ಇನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಕತೆ. ರಕ್ತದ ಕ್ಯಾನ್ಸರ್ ಇದ್ದ ಒಬ್ಬರಿಗೆ ಅವರದೇ ಟಿ ಕೋಶಗಳನ್ನು ಹೊರಗೆ ಬೆಳೆಸಿ, ಕ್ಯಾನ್ಸರ್ ಕೋಶಗಳನ್ನು ಗುರುತಿಸಲು ಹೊಸ ಜೀನ್ ಸೇರಿಸಿ ವಾಪಸ್ ಕೊಟ್ಟರು. ಇದೇ ಕಾರ್-ಟಿ ಚಿಕಿತ್ಸೆ. ಆ ವಿಧಾನದಲ್ಲಿ ಹೊಸ ಜೀನ್ ಎಲ್ಲಿ ಹೋಗಿ ಕೂರುತ್ತದೆ ಅನ್ನುವುದು ನಮ್ಮ ಕೈಲಿಲ್ಲ. ಒಂದು ಕೋಶದಲ್ಲಿ ಅದು ಕೋಶದ ಬೆಳವಣಿಗೆಗೆ ಲಗಾಮು ಹಾಕುವ ಟೆಟ್2 ಎಂಬ ಜೀನಿನ ನಡುವೆ ಕೂತು ಅದನ್ನು ಕೆಡಿಸಿತು. ಆ ವ್ಯಕ್ತಿಯ ಇನ್ನೊಂದು ಟೆಟ್2 ಪ್ರತಿಯಲ್ಲಿ ಮೊದಲಿಂದಲೇ ಒಂದು ಬದಲಾವಣೆ ಇತ್ತು, ಅದೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಆಗಿದ್ದೇನು? ಚಿಕಿತ್ಸೆ ಜೋರಾಗಿ ಕೆಲಸ ಮಾಡುತ್ತಿದ್ದಾಗ ಸಿಡಿ8 ಮಾದರಿಯ (ಕೆಟ್ಟ ಕೋಶಗಳನ್ನು ಕೊಲ್ಲುವ ಬಗೆಯ) ಕಾರ್-ಟಿ ಕೋಶಗಳಲ್ಲಿ 94% ಆ ಒಂದೇ ಕೋಶದ ಸಂತಾನ! ಕ್ಯಾನ್ಸರ್ ಕೂಡ ಹೋಯಿತು. (ಟೆಟ್2 ಕೆಡಿಸಿದರೆ ಒಳ್ಳೆಯದೇ ಅಂದುಕೊಳ್ಳಬೇಡಿ. 2023ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಎರಡೂ ಪ್ರತಿ ಇಲ್ಲದ ಕಾರ್-ಟಿ ಕೋಶಗಳು ಲಂಗುಲಗಾಮಿಲ್ಲದೆ ಬೆಳೆದವು.)

ಇಂಥದ್ದು ಅಪರೂಪ. ದಿನದ ಕೆಲಸದಲ್ಲಿ ಕಣ್ಣಿಗೆ ಬೀಳುವುದು ಬೇರೆ: ರಕ್ತ ಕೊಟ್ಟವರ ವಯಸ್ಸು, ಹಿಂದೆ ಬಂದ ಸೋಂಕು, ಆಗಲೇ ತೆಗೆದುಕೊಂಡ ಕೀಮೋ, ರಕ್ತ ಲ್ಯಾಬಿಗೆ ಬರಲು ಹಿಡಿದ ಹೊತ್ತು. ಒಬ್ಬರದೇ ಕೋಶಗಳು ಬೇರೆ ದಿನ ಬೇರೆ ವೇಗದಲ್ಲಿ ಬೆಳೆಯುವುದುಂಟು, ಅವರ ಜೀನ್ ಅದೇ ಇದ್ದರೂ.

2023ರಲ್ಲಿ ನಮ್ಮ ದೇಶದ್ದೇ ಆದ ಕಾರ್-ಟಿ ಚಿಕಿತ್ಸೆ ನೆಕ್ಸ್‌ಕಾರ್19ಗೆ ಅನುಮತಿ ಸಿಕ್ಕಮೇಲೆ ರೋಗಿಗಳ ಮನೆಯವರೂ ಕೇಳುತ್ತಾರೆ: "ಜೀನ್ ಟೆಸ್ಟ್ ಮಾಡಿಸಿದರೆ ಕೋಶ ಚೆನ್ನಾಗಿ ಬೆಳೆಯುತ್ತಾ ಅಂತ ಮೊದಲೇ ಗೊತ್ತಾಗುತ್ತಾ?" ಅದಕ್ಕಂತಲೇ ದುಡ್ಡು ಸುರಿಯಬೇಡಿ ಅನ್ನುತ್ತೇನೆ. ಕೋಶ ತೆಗೆಯುವ ಮೊದಲು ಯಾವ ಔಷಧಿ ನಿಲ್ಲಿಸಬೇಕು, ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಡಾಕ್ಟರನ್ನು ಕೇಳಿ.